ಹಳೆಯ ಎಸ್‌ಯುವಿ ಎತ್ತರಿಸುವ ಮುನ್ನ: ಕಲಬುರಗಿ ಸೀಮೆಯ ದಾರಿಗಳಿಗೆ ಲಿಫ್ಟ್ ಕಿಟ್, ಸಸ್ಪೆನ್ಷನ್ ಆಯ್ಕೆ

ಜೇವರ್ಗಿ, ಅಫಜಲಪುರ ಕಡೆಯ ಹೊಲದ ದಾರಿಗಳಲ್ಲಿ ಮಳೆಗಾಲದುದ್ದಕ್ಕೂ ಟ್ರ್ಯಾಕ್ಟರ್ ಓಡಾಡಿ ಎರೆ ಮಣ್ಣಿನಲ್ಲಿ ಎರಡು ಆಳವಾದ ಜಾಡು ಬೀಳುತ್ತವೆ. ದೀಪಾವಳಿ ಹೊತ್ತಿಗೆ ಅವು ಒಣಗಿ ಗಟ್ಟಿಯಾಗುತ್ತವೆ, ನಡುವೆ ಉದ್ದಕ್ಕೂ ದಿಬ್ಬ ಉಳಿಯುತ್ತದೆ. ಟ್ರ್ಯಾಕ್ಟರಿನ ದೊಡ್ಡ ಗಾಲಿಗೆ ಆ ದಿಬ್ಬ ಲೆಕ್ಕಕ್ಕಿಲ್ಲ. ಹದಿನೈದು ವರ್ಷ ದುಡಿದ ಬೊಲೆರೊ, ಸುಮೊ, ಕ್ವಾಲಿಸ್‌ಗಳ ಹೊಟ್ಟೆ ಮಾತ್ರ ಅಲ್ಲಿ ಕೆರೆಯುತ್ತದೆ. ಲಿಫ್ಟ್ ಕಿಟ್ (ಗಾಡಿಯನ್ನು ಎತ್ತರಿಸುವ ಬಿಡಿಭಾಗಗಳ ಸೆಟ್) ಹುಡುಕುವವರಲ್ಲಿ ಹೆಚ್ಚಿನವರು ಹುಡುಕಾಟ ಶುರು ಮಾಡುವುದು ಇಂಥ ದಾರಿಯಿಂದಲೇ.

ಕಿಟ್ ಕೊಳ್ಳುವ ಮೊದಲು ಎರಡು ಮಾತು ಮನಸ್ಸಿನಲ್ಲಿರಲಿ. ಹಳೆಯ ಗಾಡಿ ಈಗಾಗಲೇ ಕುಸಿದು ಒಂದಿಷ್ಟು ಎತ್ತರ ಕಳೆದುಕೊಂಡಿರುತ್ತದೆ, ಮೊದಲು ಅದನ್ನು ಮರಳಿ ಪಡೆಯಬೇಕು. ಎರಡನೆಯದು, ಸ್ಪ್ರಿಂಗ್ ಎತ್ತರಿಸಿದರೆ ಚಾಸಿಸ್ (ಗಾಡಿಯ ಉಕ್ಕಿನ ಚೌಕಟ್ಟು) ಏಳುತ್ತದೆಯೇ ಹೊರತು ಆಕ್ಸಲ್ (ಎಡಬಲದ ಗಾಲಿಗಳನ್ನು ಜೋಡಿಸುವ ಅಚ್ಚು) ಏಳುವುದಿಲ್ಲ. ಈ ಲೇಖನದ ಎಲ್ಲ ಹೆಜ್ಜೆಗಳೂ ಇವೆರಡರ ಮೇಲೆ ನಿಂತಿವೆ.

ಹೆಜ್ಜೆ 1: ತಾಗುವುದು ಯಾವ ಭಾಗ, ನೋಡಿ

ಗಾಡಿಯನ್ನು ರ‍್ಯಾಂಪ್ ಮೇಲೆ ಹತ್ತಿಸಿ ಕೆಳಗೆ ಟಾರ್ಚ್ ಬಿಟ್ಟು ನೋಡಿ. ನೆಲ ಕೆರೆದ ಕಡೆ ಕಬ್ಬಿಣ ಹೊಳೆಯುತ್ತಿರುತ್ತದೆ, ಇಲ್ಲವೇ ಬಣ್ಣ ಹೋಗಿ ತುಕ್ಕಿನ ಗೆರೆ ಎದ್ದಿರುತ್ತದೆ. ಗೆರೆ ಹಿಂದಿನ ಆಕ್ಸಲ್‌ನ ಡಿಫರೆನ್ಷಿಯಲ್ (ಎರಡೂ ಗಾಲಿಗೆ ಎಳೆತ ಹಂಚುವ ಗಿಯರ್ ಪೆಟ್ಟಿಗೆ) ಉಬ್ಬಿನ ತಳದಲ್ಲಿದ್ದರೆ ಯಾವ ಲಿಫ್ಟ್ ಕಿಟ್‌ನಿಂದಲೂ ಒಂದು ಮಿಲಿಮೀಟರ್ ಲಾಭವಿಲ್ಲ. ಆ ಉಬ್ಬನ್ನು ನೆಲದಿಂದ ಮೇಲೆ ಹಿಡಿದಿರುವುದು ಟೈರ್ ಒಂದೇ. ಗಿಯರ್‌ಬಾಕ್ಸ್ ಕೆಳಗಿನ ಕ್ರಾಸ್ ಮೆಂಬರ್, ಸೈಲೆನ್ಸರ್ ಪೈಪ್, ಡೀಸೆಲ್ ಟ್ಯಾಂಕ್, ಫುಟ್‌ಸ್ಟೆಪ್ ಇವು ಕೆರೆದಿದ್ದರೆ ಸ್ಪ್ರಿಂಗ್ ಎತ್ತರಿಸಿದ್ದಕ್ಕೆ ಫಲ ಸಿಗುತ್ತದೆ. ಬರೀ ಸೈಲೆನ್ಸರ್ ತಾಗುತ್ತಿದ್ದರೆ ಅದರ ಜೋತುಬಿದ್ದ ರಬ್ಬರ್ ಹ್ಯಾಂಗರ್ ಬದಲಿಸಿ, ಅಷ್ಟೇ ಸಾಕು.

ಟೈರಿನ ಲೆಕ್ಕ ಕೈಯಾರೆ ಮಾಡಬಹುದು. 215/75 ಆರ್15 ಟೈರಿನ ಅಗಲ 215 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅದರ ಶೇ. 75, ಅಂದರೆ ಸುಮಾರು 161. ಮೇಲೆ ಕೆಳಗೆ ಎರಡು ಗೋಡೆ, ನಡುವೆ 15 ಇಂಚಿನ ರಿಮ್ 381 ಮಿ.ಮೀ. ಕೂಡಿದರೆ ವ್ಯಾಸ ಸುಮಾರು 703. ಅದೇ ರಿಮ್‌ಗೆ 235/75 ಹಾಕಿದರೆ ವ್ಯಾಸ ಸುಮಾರು 733. ವ್ಯಾಸ 30 ಮಿ.ಮೀ. ಹೆಚ್ಚಿದರೂ ಆಕ್ಸಲ್ ಏಳುವುದು ಅದರ ಅರ್ಧ, 15 ಮಿ.ಮೀ. ಅದಕ್ಕೆ ತೆರುವುದೂ ಇದೆ. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 62.5ರ ಮೇಲೆ ಓಡುತ್ತಿರುತ್ತದೆ, ಎಳೆತ ಶೇ. 4ರಷ್ಟು ಕಮ್ಮಿಯಾಗುತ್ತದೆ, ಬ್ರೇಕ್‌ಗೆ ಹೊರೆ ಹೆಚ್ಚುತ್ತದೆ. ಆದ್ದರಿಂದ ಅದೇ ಮಾದರಿಗೆ ಕಂಪನಿಯೇ ಒಪ್ಪಿದ ಅತಿ ದೊಡ್ಡ ಅಳತೆಯ ಆಚೆಗೆ ಹೋಗದಿರುವುದೇ ಲೇಸು.

ಎರೆ ಮಣ್ಣಿನ ಬಗ್ಗೆ ಇನ್ನೊಂದು ಮಾತು. ಹಸಿ ಎರೆಯಲ್ಲಿ ಎರಡು ಗಾಲಿ ಎಳೆತದ ಗಾಡಿ ನಿಲ್ಲುವುದು ಎತ್ತರ ಸಾಲದೆ ಅಲ್ಲ, ಟೈರಿನ ಗೀರುಗಳಲ್ಲಿ ಮಣ್ಣು ತುಂಬಿ ಹಿಡಿತ ಹೋಗುವುದರಿಂದ. ಅಂಥ ಹೊಲಕ್ಕೆ ಹೋಗಲೇಬೇಕಾದವರು ಕಿಟ್‌ನ ದುಡ್ಡನ್ನು ಒಳ್ಳೆಯ ಟೈರಿಗೆ ಹಾಕುವುದು ಮೇಲು. ಶಹಾಬಾದ್, ಚಿತ್ತಾಪುರ ಸುತ್ತಿನ ಫರಸಿ ಖಣಿಗಳ ದಾರಿಯಲ್ಲಿ ತೊಂದರೆ ಬೇರೆ ಬಗೆಯದು. ಅಲ್ಲಿ ಕಲ್ಲಿನ ಚೂಪು ಅಂಚು ಟೈರಿನ ಪಕ್ಕದ ಗೋಡೆ ಸೀಳುತ್ತದೆ, ಗಟ್ಟಿ ಗೋಡೆಯ ಟೈರ್ ಬೇಕು. ಬೀದರ್, ಔರಾದ್ ಕಡೆಯ ಮುರುಮ್ ರಸ್ತೆಗಳಲ್ಲಿ ಅಲೆಅಲೆಯಾಗಿ ಎದ್ದ ಉಬ್ಬುಗಳು ಶಾಕ್ ಅಬ್ಸಾರ್ಬರ್‌ಗಳನ್ನು ಕಾಯಿಸಿ ಕೊಲ್ಲುತ್ತವೆ, ಅಲ್ಲಿ ಎತ್ತರಕ್ಕಿಂತ ಒಳ್ಳೆಯ ಶಾಕ್ ಮುಖ್ಯ.

ಹೆಜ್ಜೆ 2: ಕಳೆದುಹೋದ ಎತ್ತರ ಅಳೆಯಿರಿ

ಸಮತಟ್ಟಾದ ಸಿಮೆಂಟ್ ನೆಲದ ಮೇಲೆ ಗಾಡಿ ನಿಲ್ಲಿಸಿ. ಒಳಗೆ ಸಾಮಾನು ಬೇಡ, ಟ್ಯಾಂಕ್ ಅರ್ಧ ಇರಲಿ, ನಾಲ್ಕೂ ಟೈರಿನ ಗಾಳಿ ಸರಿ ಇರಲಿ. ನಾಲ್ಕು ಮಾರು ಹಿಂದೆ ಮುಂದೆ ಓಡಿಸಿ ನಿಲ್ಲಿಸಿದರೆ ಸಸ್ಪೆನ್ಷನ್ ತನ್ನ ಸಹಜ ಎತ್ತರಕ್ಕೆ ಕೂರುತ್ತದೆ. ಈಗ ಗಾಲಿಯ ನಡು ಬಿಂದುವಿನಿಂದ ನೇರ ಮೇಲೆ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ನಾಲ್ಕೂ ಕಡೆಯ ಅಂಕಿ ಬರೆದಿಡಿ. ನೆಲದಿಂದ ಅಳೆದರೆ ಟೈರಿನ ಸವೆತವೂ ಸೇರಿ ಲೆಕ್ಕ ತಪ್ಪುತ್ತದೆ.

ಎಡಬಲದ ನಡುವೆ 10–12 ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಒಂದು ಕಡೆಯ ಸ್ಪ್ರಿಂಗ್ ಸೋತಿದೆ. ಸಾಮಾನ್ಯವಾಗಿ ಅದು ಡ್ರೈವರ್ ಕಡೆಯದು, ಒಬ್ಬರೇ ಓಡಾಡಿದ ಗಾಡಿಗಳಲ್ಲಿ ಆ ಮಗ್ಗುಲಿಗೇ ಸದಾ ಭಾರ. ಅದೇ ಮಾದರಿಯ ಕಡಿಮೆ ಓಡಿದ ಗಾಡಿ ಊರಲ್ಲಿದ್ದರೆ ಅದನ್ನೂ ಅಳೆಯಿರಿ. ಆಕ್ಸಲ್ ನೇರ ಚಾಸಿಸ್‌ಗೆ ಬಡಿಯದಂತೆ ತಡೆಯುವ ಬಂಪ್ ಸ್ಟಾಪ್ ರಬ್ಬರಿಗೂ ಆಕ್ಸಲ್‌ಗೂ ನಡುವಿನ ಸಂದು ಇನ್ನೊಂದು ಸುಳಿವು. ಖಾಲಿ ಗಾಡಿಯಲ್ಲೇ ಅದು ಎರಡು ಬೆರಳಿನಷ್ಟು ಉಳಿದಿದ್ದರೆ ಐದು ಜನ ಕೂತಾಗ ಪ್ರತಿ ಹಳ್ಳವೂ ಚಾಸಿಸ್‌ಗೇ ಬಡಿಯುತ್ತದೆ. ಹೀಗೆ ಕುಸಿದ ಗಾಡಿಗೆ ಕಂಪನಿ ಅಳತೆಯ ಹೊಸ ಸ್ಪ್ರಿಂಗ್ ಹಾಕಿದರೆ ಎಷ್ಟೋ ಬಾರಿ ಲಿಫ್ಟ್ ಬೇಕೇ ಆಗುವುದಿಲ್ಲ.

ಹೆಜ್ಜೆ 3: ಸವೆದದ್ದನ್ನು ಮೊದಲು ಬದಲಿಸಿ

ಸವೆದ ಬುಶ್ (ಕೀಲುಗಳಲ್ಲಿ ಕೂರುವ ರಬ್ಬರ್ ಕೊಳವೆ) ಮೇಲೆ ಹೊಸ ಕಿಟ್ ಹಾಕಿದರೆ ಗಾಡಿ ಎತ್ತರವಾಗುತ್ತದೆ, ಜೊತೆಗೆ ತೂರಾಡುತ್ತದೆ. ಜಾಕ್ ಹಾಕಿ ಮುಂದಿನ ಗಾಲಿ ನೆಲ ಬಿಟ್ಟ ಮೇಲೆ ಮೇಲೂ ಕೆಳಗೂ ಹಿಡಿದು ಅಲ್ಲಾಡಿಸಿ. ಟಕ್ ಎಂದರೆ ಬಾಲ್ ಜಾಯಿಂಟ್ ಅಥವಾ ವ್ಹೀಲ್ ಬೇರಿಂಗ್. ಒಬ್ಬರು ಬ್ರೇಕ್ ತುಳಿದು ಹಿಡಿದಾಗ ಸದ್ದು ನಿಂತರೆ ಬೇರಿಂಗ್, ನಿಲ್ಲದಿದ್ದರೆ ಬಾಲ್ ಜಾಯಿಂಟ್. ಎಡಬಲ ಹಿಡಿದು ಅಲ್ಲಾಡಿಸಿದಾಗ ಆಟವಿದ್ದರೆ ಟೈ ರಾಡ್ ಎಂಡ್ ನೋಡಿ. ಗಾಲಿಯನ್ನು ಚಾಸಿಸ್‌ಗೆ ಹಿಡಿದ ಆರ್ಮ್‌ಗಳ ಬುಶ್‌ಗೆ ಉದ್ದ ಸಲಾಕೆ ಕೊಟ್ಟು ಮೀಟಿದರೆ ರಬ್ಬರಿನ ಬಿರುಕು ಬಾಯಿ ಬಿಡುತ್ತದೆ.

ಹಿಂದಿನ ಕಮಾನ್ ಪಟ್ಟಿಗಳನ್ನು (ಲೀಫ್ ಸ್ಪ್ರಿಂಗ್) ಹತ್ತಿರದಿಂದ ನೋಡಬೇಕು. ಪಟ್ಟಿಯ ತುದಿ ಮೇಲಿನ ಪಟ್ಟಿಯನ್ನು ಉಜ್ಜುವ ಕಡೆ ಒಂದು ಹಳ್ಳ ಬಿದ್ದಿರುತ್ತದೆ. ಆ ಹಳ್ಳದ ಅಂಚಿನಿಂದ ಅಡ್ಡಕ್ಕೆ ಕೂದಲೆಳೆಯಂಥ ಗೆರೆ ಹೊರಟಿದ್ದು, ಅದರ ಒಳಗೆ ಕೆಂಪು ತುಕ್ಕಿನ ಪುಡಿ ಕಂಡರೆ ಪಟ್ಟಿ ಬಿರುಕು ಬಿಟ್ಟಿದೆ ಎಂದೇ ಅರ್ಥ. ಸೆಂಟರ್ ಬೋಲ್ಟ್ ತೂತಿನ ಸುತ್ತಲೂ ಇಂಥದೇ ಗೆರೆ ಹುಡುಕಿ, ಪಟ್ಟಿಗಳು ಹೆಚ್ಚಾಗಿ ಮುರಿಯುವುದು ಅಲ್ಲಿ. ಚಾಸಿಸ್‌ಗೆ ಶ್ಯಾಕಲ್ (ಪಟ್ಟಿಯ ಒಂದು ತುದಿಯನ್ನು ಹಿಡಿದ ತೂಗುಕೊಂಡಿ) ಕೂರುವ ಬ್ರಾಕೆಟ್, ಶಾಕ್ ಮೌಂಟ್, ಆರ್ಮ್ ಬ್ರಾಕೆಟ್‌ಗಳ ವೆಲ್ಡಿಂಗ್ ಸುತ್ತ ತುಕ್ಕು ಕೆರೆದು ಸಣ್ಣ ಸುತ್ತಿಗೆಯಿಂದ ತಟ್ಟಿ. ಖಣ್ ಎನ್ನದೆ ಡಬ್ ಎಂದರೆ ಲೋಹ ತೆಳ್ಳಗಾಗಿದೆ. ಅಂಥ ಚಾಸಿಸ್‌ಗೆ ಲಿಫ್ಟ್ ಬೇಡ, ಮೊದಲು ಚಾಸಿಸ್ ರಿಪೇರಿ.

ಬುಶ್ ಬದಲಿಸುವಾಗ ರಬ್ಬರ್ ಹಾಕಬೇಕೇ, ಪಾಲಿಯುರೇಥೇನ್ ಹಾಕಬೇಕೇ? ನಿತ್ಯದ ಓಡಾಟದ ಗಾಡಿಗೆ ನಮ್ಮ ಧೂಳಿನಲ್ಲಿ ಕಂಪನಿಯ ರಬ್ಬರೇ ಮೇಲು. ಪಾಲಿಯುರೇಥೇನ್ ಹೆಚ್ಚು ಬಾಳಿಕೆ ಬರುತ್ತದೆ ನಿಜ, ಆದರೆ ಸಂದಿಗೆ ಧೂಳು ಹೊಕ್ಕರೆ ಕಿರುಗುಟ್ಟುತ್ತದೆ, ಕಂಪನವನ್ನು ಒಳಕ್ಕೆ ದಾಟಿಸುತ್ತದೆ. ಹಾಕಿದರೂ ಸಿಲಿಕೋನ್ ಗ್ರೀಸ್ ಬಳಸಿ. ಕಮಾನ್ ಪಟ್ಟಿಗೆ ಹಳೆಯ ಎಂಜಿನ್ ಆಯಿಲ್ ಸುರಿಯುವ ರೂಢಿ ನಮ್ಮಲ್ಲಿ ಎಲ್ಲ ಕಡೆ ಇದೆ, ಅದನ್ನು ಬಿಡಿ. ಆಯಿಲ್‌ಗೆ ಧೂಳು ಅಂಟಿ ಉಜ್ಜುವ ಪೇಸ್ಟ್ ಆಗುತ್ತದೆ, ಇಳಿದ ಆಯಿಲ್ ರಬ್ಬರ್ ಬುಶ್ ತಿನ್ನುತ್ತದೆ. ಪಟ್ಟಿ ಬಿಚ್ಚಿದಾಗ ಉಜ್ಜಿ ಒಣಗಿಸಿ ತೆಳ್ಳಗೆ ಗ್ರಾಫೈಟ್ ಗ್ರೀಸ್ ಹಚ್ಚಿದರೆ ಸಾಕು.

ಹೆಜ್ಜೆ 4: ನಿಮ್ಮ ಗಾಡಿಯ ಕೆಳಗೆ ಏನಿದೆ

ಮುಂದೆಯೂ ಹಿಂದೆಯೂ ಕಮಾನ್ ಪಟ್ಟಿ ಇರುವುದು ಜಿಪ್ಸಿ ಮತ್ತು ಹಳೆಯ ಮಹೀಂದ್ರಾ ಜೀಪುಗಳಲ್ಲಿ. ಬೊಲೆರೊಗೆ ಮುಂದೆ ಕಾಯಿಲ್ ಸ್ಪ್ರಿಂಗ್, ಹಿಂದೆ ಕಮಾನ್ ಪಟ್ಟಿ. ಹಳೆಯ ಸುಮೊ, ಕ್ವಾಲಿಸ್, ಹಳೆಯ ಎಂಡೇವರ್‌ಗಳಲ್ಲಿ ಮುಂದೆ ಟಾರ್ಶನ್ ಬಾರ್ (ತಿರುಚಿಕೊಂಡು ಸ್ಪ್ರಿಂಗ್‌ನ ಕೆಲಸ ಮಾಡುವ ಸಲಾಕೆ), ಹಿಂದೆ ಕಮಾನ್ ಪಟ್ಟಿ. ಸಫಾರಿ, ಸ್ಕಾರ್ಪಿಯೊಗಳಿಗೆ ಹಿಂದೆ ಕಾಯಿಲ್. ಮುಂದೆ ವರ್ಷ ಮತ್ತು ವೇರಿಯಂಟ್ ನೋಡಿ ಟಾರ್ಶನ್ ಬಾರ್ ಅಥವಾ ಕಾಯಿಲ್. ಹಾಗಾಗಿ ‘ಸ್ಕಾರ್ಪಿಯೊ ಕಿಟ್’ ಎಂದು ಫೋನಿನಲ್ಲಿ ಆರ್ಡರ್ ಕೊಡಬೇಡಿ. ಕೆಳಗೆ ಬಗ್ಗಿ ನೋಡಿ, ಫೋಟೊ ತೆಗೆದು, ಮಾದರಿ ವರ್ಷದ ಜೊತೆ ಕಳಿಸಿ. ಚಾಸಿಸ್ ಉದ್ದಕ್ಕೂ ಸುಮಾರು ಒಂದು ಮೀಟರ್‌ನ ದುಂಡು ಸಲಾಕೆ ಮುಂದಿನ ಆರ್ಮ್‌ನಿಂದ ಹಿಂದಕ್ಕೆ ಹೋಗಿ ಕ್ರಾಸ್ ಮೆಂಬರ್‌ನಲ್ಲಿ ಬೋಲ್ಟ್ ಮೇಲೆ ಕೂತಿದ್ದರೆ ಅದೇ ಟಾರ್ಶನ್ ಬಾರ್.

ಹೆಜ್ಜೆ 5: ಎಷ್ಟು ಎತ್ತರ, ಯಾವ ವಿಧಾನ

ಕಂಪನಿಯ ಎತ್ತರಕ್ಕೆ ಮರಳಿದ ಮೇಲೆ ಇನ್ನೂ ಬೇಕೆನಿಸಿದರೆ 25ರಿಂದ 40 ಮಿ.ಮೀ. ಅಷ್ಟರೊಳಗೆ ಹೆಚ್ಚಿನ ಗಾಡಿಗಳಲ್ಲಿ ಪ್ರೊಪೆಲ್ಲರ್ ಶಾಫ್ಟ್ (ಗಿಯರ್‌ಬಾಕ್ಸ್‌ನಿಂದ ಆಕ್ಸಲ್‌ಗೆ ಎಳೆತ ಒಯ್ಯುವ ದಂಡ), ಬ್ರೇಕ್ ಹೋಸ್, ಅಲೈನ್‌ಮೆಂಟ್ ಹಿಡಿತದಲ್ಲಿರುತ್ತವೆ. 50 ದಾಟಿದರೆ ಒಂದೊಂದಾಗಿ ಎಲ್ಲವನ್ನೂ ಬದಲಿಸಬೇಕಾಗುತ್ತದೆ. ಜೊತೆಗೆ ಗಾಡಿಯ ತೂಕದ ಕೇಂದ್ರ ಮೇಲೇರುತ್ತದೆ. ಗಾಣಗಾಪುರಕ್ಕೋ ಜಾತ್ರೆಗೋ ಮೇಲಿನ ಕ್ಯಾರಿಯರ್ ತುಂಬ ಸಾಮಾನು ಹೇರಿ ಹೊರಡುವ ಕುಟುಂಬದ ಗಾಡಿ ರಾಷ್ಟ್ರೀಯ ಹೆದ್ದಾರಿ 50ರಲ್ಲಿ ಥಟ್ಟನೆ ಹೊರಳಿಸಿದಾಗ ಮಗುಚುವ ಅಪಾಯ ಅಲ್ಲಿಂದಲೇ ಬರುವುದು.

*ಕಮಾನ್ ಪಟ್ಟಿ ಇದ್ದರೆ.* ಒಳ್ಳೆಯ ದಾರಿ ಎಂದರೆ ಇಡೀ ಹೊಸ ಸೆಟ್. ಸ್ಪ್ರಿಂಗ್ ಸ್ಟೀಲ್‌ನ ಗ್ರೇಡ್ ಕೇಳಿ ಕೊಳ್ಳಿ, ನಮ್ಮ ಮಾರುಕಟ್ಟೆಯಲ್ಲಿ ಇಎನ್ 45 ಸಾಮಾನ್ಯ. ಜಮ್ನಾ ಆಟೊದಂಥ ದೊಡ್ಡ ತಯಾರಕರ ಪಟ್ಟಿಗಳು ಹೈದರಾಬಾದ್, ಸೊಲ್ಲಾಪುರಗಳ ಅಂಗಡಿಗಳಿಂದ ತರಿಸಿಕೊಳ್ಳಬಹುದು. ಎರಡನೆಯ ದಾರಿ, ಇರುವ ಸೆಟ್‌ಗೆ ಒಂದು ಪಟ್ಟಿ ಸೇರಿಸುವುದು. ಹಿಂದೆ ಸದಾ 200 ಕೆ.ಜಿ. ಮೇಲೆ ಭಾರ ಹೇರುವವರಿಗೆ ಮಾತ್ರ ಇದು ಸರಿ. ಖಾಲಿ ಓಡುವ ಗಾಡಿಗೆ ಪಟ್ಟಿ ಸೇರಿಸಿದರೆ ಹಿಂಬದಿ ಕಲ್ಲಿನಂತಾಗಿ, ಮುರುಮ್ ರಸ್ತೆಯ ಅಲೆಗಳ ಮೇಲೆ ಹಿಂದಿನ ಗಾಲಿಗಳು ನೆಲ ಬಿಟ್ಟು ಕುಣಿಯುತ್ತವೆ, ತಿರುವಿನಲ್ಲಿ ಹಿಂಭಾಗ ಪಕ್ಕಕ್ಕೆ ಜಾರುತ್ತದೆ. ತೊಗರಿ ಸುಗ್ಗಿಯಲ್ಲಿ ಮಾತ್ರ ಭಾರ ಹೇರುವವರು ಹೆಲ್ಪರ್ ಪಟ್ಟಿ ಕೇಳಿ. ಅದು ಗಾಡಿ ಕುಸಿದಾಗ ಮಾತ್ರ ಕೆಲಸಕ್ಕೆ ಬರುತ್ತದೆ, ಖಾಲಿ ಇದ್ದಾಗ ಸುಮ್ಮನಿರುತ್ತದೆ.

ಉದ್ದನೆಯ ಶ್ಯಾಕಲ್ ಅಗ್ಗ, ಆದ್ದರಿಂದಲೇ ಎಲ್ಲರೂ ಅದನ್ನು ಸೂಚಿಸುತ್ತಾರೆ. 50 ಮಿ.ಮೀ. ಉದ್ದ ಹೆಚ್ಚಿದ ಶ್ಯಾಕಲ್‌ನಿಂದ ಗಾಡಿ ಏಳುವುದು ಸುಮಾರು 25 ಮಿ.ಮೀ. 1,200 ಮಿ.ಮೀ. ಉದ್ದದ ಪಟ್ಟಿಯ ಒಂದೇ ತುದಿ 50 ಮಿ.ಮೀ. ಕೆಳಗಿಳಿದರೆ ಆಕ್ಸಲ್ ಸುಮಾರು 2.4 ಡಿಗ್ರಿ ಹೊರಳುತ್ತದೆ, ಹಿಂದಿನ ಡಿಫರೆನ್ಷಿಯಲ್‌ನ ಮೂತಿ ಮೇಲಕ್ಕೆತ್ತುತ್ತದೆ. 50–60 ಕಿ.ಮೀ. ವೇಗದಲ್ಲಿ ಗಾಡಿಯ ತಳದಿಂದ ಗುಂಯ್‌ಗುಟ್ಟುವ ನಡುಕ ಶುರುವಾದರೆ ಕಾರಣ ಇದೇ. ಉಕ್ಕಿನ ಬೆಣೆಯಾಕಾರದ ಶಿಮ್ ಇಟ್ಟು ಸರಿಪಡಿಸಬಹುದು. ಅಲ್ಯೂಮಿನಿಯಂ ಶಿಮ್ ಬೇಡ, ಅದು ಜಜ್ಜಿ, ಪಟ್ಟಿಯನ್ನು ಆಕ್ಸಲ್‌ಗೆ ಬಿಗಿದ ಯು-ಬೋಲ್ಟ್ ಸಡಿಲವಾಗುತ್ತದೆ. ಮುಂದೆಯೂ ಪಟ್ಟಿ ಇರುವ ಜೀಪುಗಳಲ್ಲಿ ಶ್ಯಾಕಲ್ ಮುಂಭಾಗದಲ್ಲಿದ್ದರೆ ಉದ್ದ ಶ್ಯಾಕಲ್‌ನಿಂದ ಕ್ಯಾಸ್ಟರ್ (ಗಾಲಿ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ) ಕಮ್ಮಿಯಾಗಿ, ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವುದಿಲ್ಲ.

ಆಕ್ಸಲ್ ಮತ್ತು ಪಟ್ಟಿಯ ನಡುವೆ ಇಡುವ ಬ್ಲಾಕ್ ಹಿಂದೆ ಮಾತ್ರ, ಒಂದೇ, 40 ಮಿ.ಮೀ. ಒಳಗೆ. ಬ್ಲಾಕ್ ಮೇಲೆ ಬ್ಲಾಕ್ ಎಂದಿಗೂ ಬೇಡ. ಮುಂದಿನ ಆಕ್ಸಲ್‌ಗೆ ಬ್ಲಾಕ್ ಇಡಲೇಬಾರದು. ಜೋರಾಗಿ ಬ್ರೇಕ್ ಹಾಕಿದಾಗ ಆಕ್ಸಲ್ ತಿರುಚಿ ಬ್ಲಾಕ್ ಕಿತ್ತು ಬಂದರೆ ಸ್ಟೀರಿಂಗ್ ಕೈ ಬಿಟ್ಟಂತೆಯೇ.

ಪಟ್ಟಿ ಬಡಿದು ಕಮಾನು ಹೆಚ್ಚಿಸುವ ಕೆಲಸವೂ ನಮ್ಮ ಊರುಗಳಲ್ಲಿ ನಡೆಯುತ್ತದೆ. ತಣ್ಣಗಿರುವಾಗಲೇ ಬಗ್ಗಿಸಿದರೆ ಕೆಲವು ಕಾಲ ನಿಲ್ಲುತ್ತದೆ. ಗ್ಯಾಸ್ ಟಾರ್ಚ್‌ನಿಂದ ಕೆಂಪಗೆ ಕಾಯಿಸಿ ಬಡಿದರೆ ಉಕ್ಕಿನ ಹದವೇ ಹೋಗುತ್ತದೆ, ಮರು ಹದಗೊಳಿಸುವ ಕುಲುಮೆ ಇಲ್ಲದ ಕಡೆ ಈ ಕೆಲಸಕ್ಕೆ ಒಪ್ಪಬೇಡಿ.

*ಟಾರ್ಶನ್ ಬಾರ್ ಇದ್ದರೆ.* ಬೋಲ್ಟ್ ತಿರುಗಿಸಿದರೆ ಮುಂಭಾಗ ಏಳುತ್ತದೆ, ಖರ್ಚೇ ಇಲ್ಲ. ಅದಕ್ಕೇ ಇದರ ದುರುಪಯೋಗ ಹೆಚ್ಚು. ಬೋಲ್ಟ್ ಬಿಗಿದರೆ ಬಾರ್ ಗಟ್ಟಿಯಾಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬಾರ್‌ನ ಗಡಸು ಅದರ ಉದ್ದ ಮತ್ತು ವ್ಯಾಸದಿಂದ ಬರುತ್ತದೆ. ವ್ಯಾಸ 24ರಿಂದ 26 ಮಿ.ಮೀ.ಗೆ ಹೋದರೆ ಗಡಸು ಶೇ. 38ರಷ್ಟು ಏರುತ್ತದೆ, ಬೋಲ್ಟ್ ಎಷ್ಟು ತಿರುಗಿಸಿದರೂ ಅದು ಏರುವುದಿಲ್ಲ. ಬೋಲ್ಟ್ ಬಿಗಿದಾಗ ಆಗುವುದು ಇಷ್ಟೇ: ಆರ್ಮ್ ಕೆಳಕ್ಕೆ ಇಳಿದು ನಿಲ್ಲುತ್ತದೆ, ಗಾಲಿ ಹಳ್ಳಕ್ಕೆ ಇಳಿಯಲು ಇದ್ದ ಜಾಗ ಕಮ್ಮಿಯಾಗುತ್ತದೆ. ಅತಿಯಾದರೆ ಸಣ್ಣ ಉಬ್ಬಿಗೂ ಮೇಲಿನ ಆರ್ಮ್ ತನ್ನ ಸ್ಟಾಪ್‌ಗೆ ಬಡಿದು ಟಕ್‌ಟಕ್ ಎನ್ನುತ್ತದೆ, ಬಾಲ್ ಜಾಯಿಂಟ್ ಬೇಗ ಸಾಯುತ್ತದೆ. ಗಾಡಿ ನಿಂತಾಗ ಗಾಲಿಗೆ ಇನ್ನೂ 40 ಮಿ.ಮೀ. ಆದರೂ ಕೆಳಗಿಳಿಯುವ ಜಾಗ ಉಳಿಯಲಿ.

ಮಾಡುವ ಕ್ರಮ ಹೀಗೆ. ಬೋಲ್ಟ್‌ನ ಎಷ್ಟು ಥ್ರೆಡ್ ಹೊರಗಿದೆ ಎಂದು ಎರಡೂ ಕಡೆ ಅಳೆದು ಬರೆದಿಡಿ, ಬಣ್ಣದ ಗುರುತು ಹಾಕಿ. ಜಾಕ್ ಹಾಕಿ ಗಾಲಿ ನೆಲ ಬಿಟ್ಟ ಮೇಲೆಯೇ ತಿರುಗಿಸಿ. ಭಾರ ಹೊತ್ತಿರುವಾಗ ತಿರುಗಿಸಿದರೆ ಥ್ರೆಡ್ ಕಿತ್ತು ಬರುತ್ತದೆ. ಎರಡು ಸುತ್ತು ತಿರುಗಿಸಿ, ಇಳಿಸಿ, ಗಾಡಿಯನ್ನು ಹಿಂದೆ ಮುಂದೆ ಓಡಿಸಿ, ಆಮೇಲೆ ಅಳೆಯಿರಿ. ಎಡಬಲದ ಎತ್ತರ ಸಮವಾಗಲು ಎರಡೂ ಬೋಲ್ಟ್‌ಗಳ ಸುತ್ತು ಬೇರೆಬೇರೆ ಬೇಕಾಗಬಹುದು, ಅದು ಸಹಜ. ಬಾರ್ ಬಿಚ್ಚಿದರೆ ಎಡದ್ದನ್ನು ಬಲಕ್ಕೆ ಹಾಕಬೇಡಿ. ತಯಾರಿಸುವಾಗಲೇ ಅವುಗಳಿಗೆ ಒಂದೊಂದು ದಿಕ್ಕಿನ ತಿರುಚು ಕೊಟ್ಟಿರುತ್ತಾರೆ, ತುದಿಯಲ್ಲಿ ಗುರುತೂ ಇರುತ್ತದೆ.

*ಕಾಯಿಲ್ ಇದ್ದರೆ.* ಉತ್ತಮ ದಾರಿ ಅದೇ ಗಡಸಿನ, ತುಸು ಉದ್ದನೆಯ ಹೊಸ ಕಾಯಿಲ್. ಸ್ಪೇಸರ್ (ಕಾಯಿಲ್ ತುದಿಗೆ ಇಡುವ ದಪ್ಪ ಬಿಲ್ಲೆ) ಅಗ್ಗದ ದಾರಿ, ಮಿತದಲ್ಲಿ ತಪ್ಪಿಲ್ಲ. ಆದರೆ ಬೊಲೆರೊದಂಥ ಗಾಡಿಯ ಮುಂದೆ ಕಾಯಿಲ್ ಕೆಳಗಿನ ಆರ್ಮ್‌ನ ನಡುವೆಲ್ಲೋ ಕೂತಿರುತ್ತದೆ, ಗಾಲಿ ತುದಿಯಲ್ಲಿರುತ್ತದೆ. ಆರ್ಮ್‌ನ ಉದ್ದದ ಶೇ. 60ರಲ್ಲಿ ಕಾಯಿಲ್ ಇದ್ದರೆ 15 ಮಿ.ಮೀ. ಸ್ಪೇಸರ್‌ನಿಂದ ಗಾಡಿ 25 ಮಿ.ಮೀ. ಏಳುತ್ತದೆ. ಇದು ತಿಳಿಯದೆ 30 ಮಿ.ಮೀ. ಸ್ಪೇಸರ್ ಹಾಕಿಸಿದರೆ 50 ಮಿ.ಮೀ. ಎದ್ದು ಬಾಲ್ ಜಾಯಿಂಟ್ ತನ್ನ ಕೊನೆಗೆ ಹೋಗಿ ನಿಲ್ಲುತ್ತದೆ. ಸಫಾರಿ, ಸ್ಕಾರ್ಪಿಯೊಗಳ ಹಿಂದೆ ಕಾಯಿಲ್ ಇರುವಲ್ಲಿ ಸ್ಪೇಸರ್ ಎಷ್ಟು ದಪ್ಪವೋ ಹೆಚ್ಚುಕಡಿಮೆ ಅಷ್ಟೇ ಎತ್ತರ. ಅಲ್ಲಿ ಆಕ್ಸಲನ್ನು ಅಡ್ಡಕ್ಕೆ ಹಿಡಿದ ಪ್ಯಾನ್‌ಹಾರ್ಡ್ ರಾಡ್ ಇದ್ದರೆ ಎತ್ತರ ಹೆಚ್ಚಿದಂತೆ ಆಕ್ಸಲ್ ಒಂದು ಮಗ್ಗುಲಿಗೆ ಸರಿಯುತ್ತದೆ. ಎರಡೂ ಹಿಂದಿನ ಟೈರಿಗೂ ಚಾಸಿಸ್‌ಗೂ ನಡುವಿನ ಅಂತರ ಅಳೆದು ನೋಡಿ.

ಕಾಯಿಲ್ ಸುರುಳಿಗಳ ನಡುವೆ ತುರುಕುವ ರಬ್ಬರ್ ಬಫರ್‌ಗಳು ಎಲ್ಲ ಅಂಗಡಿಯಲ್ಲೂ ಸಿಗುತ್ತವೆ. ಅವನ್ನು ಕೊಳ್ಳಬೇಡಿ. ಬಫರ್ ಇದ್ದ ಕಡೆ ಸುರುಳಿ ಕೆಲಸ ಮಾಡುವುದಿಲ್ಲ, ಉಳಿದ ಸುರುಳಿಗಳ ಮೇಲೆ ಅಷ್ಟೂ ಒತ್ತಡ ಬಿದ್ದು ಹಳೆಯ ಕಾಯಿಲ್ ಮುರಿಯುತ್ತದೆ.

ಹೆಜ್ಜೆ 6: ಶಾಕ್ ಅಬ್ಸಾರ್ಬರ್ ಉದ್ದ ಅಳೆದೇ ಕೊಳ್ಳಿ

ಹೆಚ್ಚಿನ ಕಿಟ್‌ಗಳು ಸೋಲುವುದು ಇಲ್ಲಿ. ಸ್ಪ್ರಿಂಗ್ 40 ಮಿ.ಮೀ. ಎತ್ತರಿಸಿ ಹಳೆಯ ಶಾಕ್ ಬಿಟ್ಟರೆ ಗಾಲಿ ಹಳ್ಳಕ್ಕಿಳಿದಾಗ ಶಾಕ್ ಪೂರ್ತಿ ಚಾಚಿಕೊಂಡು, ಆಕ್ಸಲ್‌ನ ಇಡೀ ತೂಕ ಅದರ ರಾಡ್ ಮೇಲೆ ತೂಗುತ್ತದೆ. ಕೆಲವೇ ದಿನಗಳಲ್ಲಿ ಸೀಲ್ ಸೋರಿ ಶಾಕ್ ಸಾಯುತ್ತದೆ.

ಮೂರು ಅಳತೆ ಬೇಕು. ಹೊಸ ಸ್ಪ್ರಿಂಗ್ ಕೂತ ಮೇಲೆ, ಶಾಕ್ ಬಿಚ್ಚಿಟ್ಟು, ಮೇಲಿನ ಮೌಂಟ್‌ನಿಂದ ಕೆಳಗಿನ ಮೌಂಟ್‌ವರೆಗೆ ಗಾಡಿ ನಿಂತ ಸ್ಥಿತಿಯಲ್ಲಿ ಅಳೆಯಿರಿ. ಆಮೇಲೆ ಚಾಸಿಸ್ ಕೆಳಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಪೂರ್ತಿ ಜೋತುಬಿಟ್ಟು ಅಳೆಯಿರಿ, ಈ ಹೊತ್ತಿನಲ್ಲಿ ಬ್ರೇಕ್ ಹೋಸ್ ಜಗ್ಗದಂತೆ ನಿಗಾ ಇರಲಿ. ಮೂರನೆಯದು, ನಿಂತ ಸ್ಥಿತಿಯ ಅಳತೆಯಿಂದ ಬಂಪ್ ಸ್ಟಾಪ್ ಸಂದನ್ನು ಕಳೆದರೆ ಬರುವ ಅಂಕಿ, ರಬ್ಬರ್ ಒತ್ತಿಕೊಳ್ಳುವ ಜಾಗಕ್ಕೆ ಇನ್ನೂ 20 ಮಿ.ಮೀ. ಕಳೆಯಿರಿ. ಉದಾಹರಣೆಗೆ ನಿಂತಾಗ 450, ಜೋತಾಗ 530, ಬಂಪ್ ಸ್ಟಾಪ್ ಸಂದು 80 ಎಂದಿಟ್ಟುಕೊಳ್ಳಿ. ನಿಮಗೆ ಬೇಕಾದ ಶಾಕ್ ಚಾಚಿದಾಗ 540–545 ಇರಬೇಕು, ಮುಚ್ಚಿದಾಗ 350ಕ್ಕಿಂತ ಕಮ್ಮಿ ಇರಬೇಕು. ಮುಚ್ಚಿದ ಉದ್ದ ಹೆಚ್ಚಾದರೆ ಬಂಪ್ ಸ್ಟಾಪ್ ಮುಟ್ಟುವ ಮುಂಚೆಯೇ ಶಾಕ್ ತಳ ಹೊಡೆದು ಮೌಂಟ್ ಕಿತ್ತು ಬರುತ್ತದೆ. ಈ ಅಂಕಿಗಳನ್ನು ಕಾಗದದಲ್ಲಿ ಬರೆದು ಅಂಗಡಿಗೆ ಒಯ್ಯಿರಿ. ಉದ್ದ ಹೇಳಲಾಗದ ಅಂಗಡಿಯವರಿಂದ ಕೊಳ್ಳಬೇಡಿ.

ಬಗೆಯ ಮಾತು ಚಿಕ್ಕದು. ಊರಿನ ಓಡಾಟಕ್ಕೆ ಗ್ಯಾಬ್ರಿಯಲ್‌ನಂಥ ತಯಾರಕರ ಟ್ವಿನ್ ಟ್ಯೂಬ್ (ಕೊಳವೆಯೊಳಗೆ ಕೊಳವೆ ಇರುವ ಶಾಕ್) ಸಾಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮಲ್ಲಿ ದಿನವೂ ಮುರುಮ್ ರಸ್ತೆಯಲ್ಲಿ ಓಡುವವರಿಗೆ ಗ್ಯಾಸ್ ತುಂಬಿದ್ದು ಮೇಲು, ಎಣ್ಣೆ ನೊರೆಯಾಗುವುದು ಕಡಿಮೆ. ಎಆರ್‌ಬಿಯ ಓಲ್ಡ್ ಮ್ಯಾನ್ ಈಮು ಥರದ ವಿದೇಶಿ ಸೆಟ್‌ಗಳಲ್ಲಿ ಸ್ಪ್ರಿಂಗ್ ಮತ್ತು ಶಾಕ್ ಒಂದಕ್ಕೊಂದು ಹೊಂದಿಸಿ ಕೊಡುತ್ತಾರೆ. ನಿಮ್ಮ ಮಾದರಿಗೆ ಪಟ್ಟಿಯಲ್ಲಿದ್ದರೆ ಮಾತ್ರ ನೋಡಿ, ಬೇರೆ ಗಾಡಿಯದನ್ನು ಹೊಂದಿಸುವ ಗೊಡವೆ ಬೇಡ.

ಹೆಜ್ಜೆ 7: ಕಾನೂನು

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ ತಯಾರಕರ ಮೂಲ ವಿವರಕ್ಕಿಂತ ಆರ್‌ಸಿಯ ವಿವರ ಬೇರೆಯಾಗುವಂಥ ಬದಲಾವಣೆ ಮಾಡುವಂತಿಲ್ಲ. 2019ರ ತಿದ್ದುಪಡಿ ತಂದ ಸೆಕ್ಷನ್ 182ಎ ಅಡಿ ಕಾಯ್ದೆ ಒಪ್ಪದ ಬದಲಾವಣೆಗೆ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಸವೆದ ಭಾಗದ ಜಾಗಕ್ಕೆ ಅದೇ ಅಳತೆಯದು ಹಾಕುವುದಕ್ಕೆ ತೊಡಕಿಲ್ಲ. ಅದರಾಚೆಗೆ ಹೋಗುವ ಮುನ್ನ ನಿಮ್ಮ ಆರ್‌ಟಿಒದಲ್ಲಿ ಬರಹದಲ್ಲಿ ಕೇಳಿ, ಕೆಎ-32 ಇರಲಿ, 33, 38 ಇರಲಿ. ಹದಿನೈದು ವರ್ಷ ತುಂಬಿದ ಖಾಸಗಿ ಗಾಡಿ ಐದೈದು ವರ್ಷಕ್ಕೆ ನೋಂದಣಿ ನವೀಕರಣದ ತಪಾಸಣೆಗೆ ನಿಲ್ಲಬೇಕಾಗುತ್ತದೆ, ಅಲ್ಲಿ ಇದು ಕಣ್ಣಿಗೆ ಬೀಳುತ್ತದೆ. ವಿಮೆ ಕಂಪನಿಗೂ ತಿಳಿಸಿ. ತಿಳಿಸದ ಬದಲಾವಣೆ ಅಪಘಾತದ ಕ್ಲೇಮ್‌ಗೆ ಅಡ್ಡ ಬರಬಹುದು.

ಹೆಜ್ಜೆ 8: ಜೋಡಿಸುವ ದಿನ

ತುಕ್ಕು ಹಿಡಿದ ನಟ್ಟುಗಳಿಗೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಡಿ. ಚಾಸಿಸ್‌ಗೆ ಉಕ್ಕಿನ ಸ್ಟ್ಯಾಂಡ್‌ಗಳನ್ನೇ ಕೊಡಬೇಕು. ಫರಸಿ ಚೂರುಗಳನ್ನು ಒಟ್ಟಿ ಅದರ ಮೇಲೆ ಗಾಡಿ ನಿಲ್ಲಿಸುವುದು ನಮ್ಮ ಸೀಮೆಯ ಕೆಟ್ಟ ಚಾಳಿ. ಅದು ಪದರುಗಲ್ಲು, ಒಂದು ಮೂಲೆಗೆ ಭಾರ ಬಿದ್ದರೆ ಸದ್ದಿಲ್ಲದೆ ಸೀಳುತ್ತದೆ, ಕೆಳಗೆ ಮನುಷ್ಯ ಇರುತ್ತಾನೆ. ಮುಂದಿನ ಕಾಯಿಲ್ ಬಿಚ್ಚಲು ಸ್ಪ್ರಿಂಗ್ ಕಂಪ್ರೆಸರ್ ಇಲ್ಲದ ಗ್ಯಾರೇಜ್‌ಗೆ ಆ ಕೆಲಸ ಕೊಡಬೇಡಿ. ಒತ್ತಿದ ಕಾಯಿಲ್ ಚಿಮ್ಮಿದರೆ ಪ್ರಾಣ ತೆಗೆಯುತ್ತದೆ.

ಯು-ಬೋಲ್ಟ್‌ಗಳು ಹೊಸವೇ ಆಗಿರಲಿ. ಒಮ್ಮೆ ಬಿಗಿದದ್ದು ಹಿಗ್ಗಿರುತ್ತದೆ, ಎರಡನೇ ಸಲ ಬಿಗಿತ ಹಿಡಿಯುವುದಿಲ್ಲ. ಸೆಂಟರ್ ಬೋಲ್ಟ್‌ನ ತಲೆ ಆಕ್ಸಲ್ ಮೇಲಿನ ಕೂರುಗಟ್ಟೆಯ ತೂತಿಗೆ ಪೂರ್ತಿ ಇಳಿದಿದೆಯೇ ಎಂದು ಬೆರಳಾಡಿಸಿ ನೋಡಿ. ಅಂಚಿನ ಮೇಲೆ ಕೂತಿದ್ದರೂ ಯು-ಬೋಲ್ಟ್ ಬಿಗಿಯಾದಂತೆಯೇ ತೋರುತ್ತದೆ, ಆಮೇಲೆ ಆಕ್ಸಲ್ ಸರಿದು ಗಾಡಿ ಓರೆಯಾಗಿ ಓಡುತ್ತದೆ. ನಾಲ್ಕು ನಟ್ಟುಗಳನ್ನು ಅಡ್ಡಡ್ಡ ಜೋಡಿಯಾಗಿ, ಸ್ವಲ್ಪಸ್ವಲ್ಪವೇ, ಟಾರ್ಕ್ ರೆಂಚ್‌ನಿಂದ ಬಿಗಿಯಿರಿ. ಅಂಕಿ ನಿಮ್ಮ ಗಾಡಿಯ ಮ್ಯಾನ್ಯುವಲ್‌ನದೇ ಆಗಬೇಕು. 8.8 ಗ್ರೇಡಿನ 12 ಮಿ.ಮೀ. ಬೋಲ್ಟ್‌ಗೆ ಸಾಮಾನ್ಯವಾಗಿ ಸುಮಾರು 80 ನ್ಯೂಟನ್ ಮೀಟರ್, 14 ಮಿ.ಮೀ.ಗೆ ಸುಮಾರು 130.

ಅವಸರದಲ್ಲಿ ಮಿಸ್ತ್ರಿಗಳು ಬಿಟ್ಟುಬಿಡುವ ಒಂದು ಕೆಲಸವಿದೆ, ಪಕ್ಕದಲ್ಲಿ ನಿಂತು ಮಾಡಿಸಿ. ರಬ್ಬರ್ ಬುಶ್ ಇರುವ ಬೋಲ್ಟ್‌ಗಳನ್ನು ಗಾಲಿ ಜೋತಿರುವಾಗ ಕೊನೆಯ ಬಿಗಿತಕ್ಕೆ ಬಿಗಿಯಬಾರದು. ಬುಶ್‌ನ ಒಳಗಿನ ಉಕ್ಕಿನ ಕೊಳವೆ ಬ್ರಾಕೆಟ್‌ಗೆ ಕಚ್ಚಿಕೊಳ್ಳುತ್ತದೆ, ಗಾಡಿ ಇಳಿಸಿದಾಗ ರಬ್ಬರ್ ತಿರುಚಿ ಸದಾ ಜಗ್ಗಿದ ಸ್ಥಿತಿಯಲ್ಲೇ ಉಳಿಯುತ್ತದೆ, ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಎಲ್ಲವನ್ನೂ ಕೈಬಿಗಿ ಮಾಡಿ, ಗಾಡಿ ನೆಲಕ್ಕಿಳಿಸಿ, ನಾಲ್ಕು ಸಲ ಒತ್ತಿ ಕುಣಿಸಿ, ಆಮೇಲೆ ಬಿಗಿಸಿ. ಹೊಸ ಟ್ವಿನ್ ಟ್ಯೂಬ್ ಶಾಕ್‌ಗಳನ್ನು ನೆಟ್ಟಗೆ ಹಿಡಿದು ನಾಲ್ಕೈದು ಸಲ ಪೂರ್ತಿ ಒತ್ತಿ ಎಳೆದ ಮೇಲೆಯೇ ಹಾಕಿ, ಒಳಗಿನ ಗಾಳಿ ಮೇಲೆ ಬರಲಿ.

ಈಗ ಬ್ರೇಕ್. ಆಕ್ಸಲ್ ಪೂರ್ತಿ ಜೋತಾಗಲೂ, ಸ್ಟೀರಿಂಗ್ ಎರಡೂ ತುದಿಗೆ ತಿರುಗಿಸಿದಾಗಲೂ ಬ್ರೇಕ್ ಹೋಸ್ ಸಡಿಲವಾಗಿರಬೇಕು. ಹ್ಯಾಂಡ್‌ಬ್ರೇಕ್ ಕೇಬಲ್, ಎಬಿಎಸ್ ವೈರ್ ಇದ್ದರೆ ಅದೂ, ಆಕ್ಸಲ್‌ನ ಬ್ರೀದರ್ ಪೈಪ್ ಕೂಡ ಜಗ್ಗಬಾರದು. ಹಿಂದಿನ ಆಕ್ಸಲ್‌ಗೂ ಚಾಸಿಸ್‌ಗೂ ನಡುವೆ ಸಣ್ಣ ಕಡ್ಡಿಯೊಂದು ಒಂದು ವಾಲ್ವ್‌ಗೆ ಜೋಡಿಸಿದೆಯೇ ನೋಡಿ. ಭಾರ ಹೆಚ್ಚಿದಂತೆ ಹಿಂದಿನ ಬ್ರೇಕ್‌ಗೆ ಒತ್ತಡ ಹೆಚ್ಚಿಸುವ ವಾಲ್ವ್ ಅದು. ಹಿಂಬದಿ ಎತ್ತರಿಸಿದರೆ ಅದು ಗಾಡಿ ಖಾಲಿ ಇದೆ ಎಂದು ತಿಳಿದು, ತುಂಬಿದ ಗಾಡಿಗೂ ಹಿಂದಿನ ಬ್ರೇಕ್ ಕಮ್ಮಿ ಕೊಡುತ್ತದೆ. ಕಡ್ಡಿಯ ಬ್ರಾಕೆಟನ್ನು ಎತ್ತರಿಸಿದಷ್ಟೇ ಸರಿಹೊಂದಿಸಬೇಕು. ಈ ಸಣ್ಣ ಕೆಲಸ ಬಿಟ್ಟದ್ದರಿಂದ ಆಗುವ ಅಪಾಯ ಬೇರೆಲ್ಲ ತಪ್ಪುಗಳಿಗಿಂತ ದೊಡ್ಡದು.

ಹೆಜ್ಜೆ 9: ಹೊರಬಿಟ್ಟ ಮೇಲೆ

ಅದೇ ದಿನ ವ್ಹೀಲ್ ಅಲೈನ್‌ಮೆಂಟ್. ಟೋ (ಗಾಲಿಗಳ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಒಂದನ್ನೇ ಅಲ್ಲ, ಕ್ಯಾಂಬರ್ (ಗಾಲಿಯ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವುದು) ಮತ್ತು ಕ್ಯಾಸ್ಟರ್ ಅಂಕಿಯ ಪ್ರಿಂಟ್ ಕೇಳಿ ಪಡೆಯಿರಿ. ಮುಂದಿನ ಆರ್ಮ್‌ಗಳಲ್ಲಿ ಶಿಮ್ ಹೆಚ್ಚುಕಮ್ಮಿ ಮಾಡಿಯೂ ಕ್ಯಾಂಬರ್ ಮಿತಿಗೆ ಬರದಿದ್ದರೆ ಎತ್ತರ ಹೆಚ್ಚಾಗಿದೆ, 10 ಮಿ.ಮೀ. ಇಳಿಸಿ.

ಹೆಡ್‌ಲೈಟ್ ಮರೆಯಬೇಡಿ. ಬೊಲೆರೊದ ವ್ಹೀಲ್‌ಬೇಸ್ 2,680 ಮಿ.ಮೀ. ಹಿಂದಕ್ಕಿಂತ ಮುಂಭಾಗ 30 ಮಿ.ಮೀ. ಹೆಚ್ಚು ಎದ್ದರೆ 25 ಮೀಟರ್ ದೂರದಲ್ಲಿ ಬೆಳಕು ಸುಮಾರು 28 ಸೆಂ.ಮೀ. ಮೇಲಕ್ಕೆ ಹೋಗುತ್ತದೆ, ಎದುರು ಬೈಕಿನವರ ಕಣ್ಣಿಗೇ ಹೊಡೆಯುತ್ತದೆ. ಕಬ್ಬಿನ ಗಾಡಿಗಳು ದೀಪವಿಲ್ಲದೆ ಓಡಾಡುವ ಆಳಂದ, ಭಾಲ್ಕಿ ರಸ್ತೆಗಳಲ್ಲಿ ನಿಮ್ಮ ಬೆಳಕೂ ನೆಲಕ್ಕೆ ಬೀಳಬೇಕು. ಎತ್ತರಿಸುವ ಮುಂಚೆ ಗೋಡೆಯ ಮೇಲೆ ಬೆಳಕಿನ ಅಂಚಿಗೆ ಚಾಕ್ ಗೆರೆ ಎಳೆದಿಟ್ಟುಕೊಂಡರೆ ಹೊಂದಿಸುವುದು ಸುಲಭ.

ಮೊದಲ 100 ಕಿ.ಮೀ. ಮತ್ತೆ 500 ಕಿ.ಮೀ.ಗೆ ಯು-ಬೋಲ್ಟ್, ಶ್ಯಾಕಲ್, ಶಾಕ್ ಬೋಲ್ಟ್‌ಗಳ ಬಿಗಿತ ಮತ್ತೊಮ್ಮೆ ನೋಡಿ. ಬಿಗಿದ ಮೇಲೆ ನಟ್ಟಿನಿಂದ ಬ್ರಾಕೆಟ್‌ವರೆಗೆ ಬಣ್ಣದ ಒಂದು ಗೆರೆ ಎಳೆದರೆ ಮುಂದೆ ಅದು ಸರಿದಿದೆಯೇ ಎಂದು ಬಗ್ಗಿ ನೋಡಿದರೆ ಸಾಕು. 1,000 ಕಿ.ಮೀ. ಆದ ಮೇಲೆ ಹೊಸ ಸ್ಪ್ರಿಂಗ್‌ಗಳು ಕೆಲವು ಮಿಲಿಮೀಟರ್ ಕೂತಿರುತ್ತವೆ, ನಾಲ್ಕೂ ಕಡೆ ಮರು ಅಳೆದು ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ.

ಎರೆ ಹೊಲದಿಂದ ಬಂದ ಮರುದಿನ 60–80ರ ವೇಗದಲ್ಲಿ ಸ್ಟೀರಿಂಗ್ ನಡುಗಿದರೆ ಕಿಟ್ಟನ್ನು ದೂರುವ ಮೊದಲು ರಿಮ್‌ನ ಒಳಮೈ ನೋಡಿ. ಅಲ್ಲಿ ಒಂದೇ ಕಡೆ ಅಂಟಿ ಒಣಗಿದ ಎರೆ ಮಣ್ಣು ಗಾಲಿಯ ಸಮತೋಲ ಕೆಡಿಸಿರುತ್ತದೆ. ಮಣ್ಣು ಹಸಿಯಿರುವಾಗಲೇ ರಿಮ್ ಒಳಗೆ, ಪಟ್ಟಿಗಳ ಸಂದಿಗೆ, ಶ್ಯಾಕಲ್ ಸುತ್ತ ನೀರು ಬಿಟ್ಟು ತೊಳೆಯಿರಿ. ಒಣಗಿದ ಮೇಲೆ ಅದನ್ನು ಉಳಿಯಿಂದ ಕೆತ್ತಬೇಕಾಗುತ್ತದೆ.